ಬಳಕೆದಾರರ ತೃಪ್ತಿ ಮತ್ತು ವಿಭಕ್ತಿಯ ಅರ್ಥ: ‘ಪ್ಯಾರಡೈಸ್’ ಮಾದರಿಯ ಒಂದು ವಿಮರ್ಶೆ

ಮಾತಿನ ಮೂಲಕ ವ್ಯವಹರಿಸುವ ಸಂವಾದ ವ್ಯವಸ್ಥೆಗಳ ಮೌಲ್ಯಮಾಪನಕ್ಕೆಂದು ಮೆರಿಲಿನ್ ವಾಕರ್, ಡಯೇನ್ ಲಿಟ್‌ಮನ್, ಕ್ಯಾಂಡೇಸ್ ಕ್ಯಾಮ್ ಮತ್ತು ಅಲಿಸಿಯಾ ಅಬೆಲಾ 1997ರಲ್ಲಿ ‘ಪ್ಯಾರಡೈಸ್’ ಮಾದರಿಯನ್ನು ಮಂಡಿಸಿದರು. ಭಿನ್ನ ಸಂವಾದತಂತ್ರಗಳನ್ನು ಅನುಸರಿಸುವ ವ್ಯವಸ್ಥೆಗಳನ್ನು ಒಂದೇ ಅಳತೆಯಲ್ಲಿ ಹೋಲಿಸಲು ದಾರಿ ತೋರಿದ್ದು ಅದರ ಹಿರಿಮೆ. ಕಾರ್ಯಸಾಧನೆಯನ್ನು ಅದು ಕಪ್ಪಾ ಗುಣಾಂಕದಿಂದ ಅಳೆಯುತ್ತದೆ. ಸರದಿಗಳ ಸಂಖ್ಯೆ, ದುರಸ್ತಿಯ ಪ್ರಮಾಣ ಮೊದಲಾದವನ್ನು ಸಂವಾದದ ವೆಚ್ಚವೆಂದು ಕಳೆಯುತ್ತದೆ. ಇವೆಲ್ಲವುಗಳ ತೂಕವನ್ನು ನಿರ್ಧರಿಸುವುದು ಬಳಕೆದಾರರ ತೃಪ್ತಿಯನ್ನು ಗುರಿಯಾಗಿಟ್ಟ ರಿಗ್ರೆಶನ್ ವಿಶ್ಲೇಷಣೆ. ನಮ್ಮ ಆಕ್ಷೇಪವಿರುವುದು ಈ ಕೊನೆಯ ಹೆಜ್ಜೆಯ ಬಗ್ಗೆ.

ಬೆಂಗಳೂರು–ಮೈಸೂರು ಮಾರ್ಗದ ರೈಲುಗಳ ಸಮಯವನ್ನಷ್ಟೇ ತಿಳಿಸುವ ಎರಡು ಕನ್ನಡ ವ್ಯವಸ್ಥೆಗಳನ್ನು ಕಲ್ಪಿಸಿಕೊಳ್ಳೋಣ. ‘ಮೈಸೂರಿಂದ ಮೊದಲ ರೈಲು ಎಷ್ಟು ಗಂಟೆಗೆ?’ ಎಂಬ ಪ್ರಶ್ನೆಯನ್ನು ಮೊದಲನೆಯದು ‘ಮೈಸೂರಿಗೆ’ ಎಂದು ಗ್ರಹಿಸಿ, ಒಂದು ಸಮಯವನ್ನು ಹೇಳಿ ಮುಗಿಸುತ್ತದೆ. ತಪ್ಪಿದ್ದು ಒಂದು ವಿಭಕ್ತಿ ಪ್ರತ್ಯಯ ಮಾತ್ರ. ಆದರೆ ಪ್ರಯಾಣದ ದಿಕ್ಕೇ ತಿರುವುಮುರುವಾಗಿದೆ. ಎರಡನೆಯದು ‘ಮೈಸೂರಿನಿಂದ ಹೊರಡುವ ರೈಲೇ?’ ಎಂದು ಕೇಳಿ ಖಚಿತಪಡಿಸಿಕೊಂಡು ಸರಿಯಾದ ಉತ್ತರ ಕೊಡುತ್ತದೆ. ಕರೆ ಮುಗಿದೊಡನೆ ಪ್ರಶ್ನಾವಳಿ ತುಂಬಿಸುವ ಬಳಕೆದಾರನಿಗೆ ಮೊದಲ ವ್ಯವಸ್ಥೆಯ ತಪ್ಪು ತಿಳಿಯುವ ಮಾರ್ಗವಿಲ್ಲ. ಅದು ಅವನಿಗೆ ಚುರುಕಾಗಿಯೇ ತೋರೀತು.

ತಪ್ಪು ದಿಕ್ಕಿನಿಂದ ಕಪ್ಪಾ ಮೌಲ್ಯ ಕುಗ್ಗುತ್ತದೆಯಲ್ಲ ಎಂದು ಮಾದರಿಯ ಸಮರ್ಥಕರು ಹೇಳಬಹುದು. ನಿಜ. ಆದರೆ ಕಪ್ಪಾಗೆ ಎಷ್ಟು ತೂಕವೆಂಬುದನ್ನೂ ತೃಪ್ತಿಯೇ ತೀರ್ಮಾನಿಸುತ್ತದೆ. ಬಳಕೆದಾರನ ಅರಿವಿಗೆ ಬಾರದ ತಪ್ಪುಗಳು ಹೆಚ್ಚಿದಷ್ಟೂ ತೃಪ್ತಿಗೂ ಯಥಾರ್ಥತೆಗೂ ಇರುವ ನಂಟು ಸಡಿಲವಾಗಿ, ಆ ತೂಕವೂ ತಗ್ಗುತ್ತದೆ. ಖಚಿತಪಡಿಸುವ ಸರದಿಗಳು ಬಳಕೆದಾರರಿಗೆ ಹಿತವೆನಿಸಿದರೆ ರಿಗ್ರೆಶನ್ ಅದನ್ನೂ ಗುರುತಿಸೀತು ಎಂಬುದು ಮತ್ತೊಂದು ಸಮರ್ಥನೆ. ಆದರೆ ಅರ್ಥವನ್ನು ಸ್ಥಿರಪಡಿಸುವ ಸರದಿಗೂ ವ್ಯರ್ಥ ಪುನರಾವರ್ತನೆಗೂ ಒಂದೇ ಎಣಿಕೆ, ಒಂದೇ ಗುಣಾಂಕ ಇರುವಾಗ ದೊರೆಯುವುದು ಎರಡನ್ನೂ ಮರೆಮಾಚುವ ಸರಾಸರಿ. ಶೆಗ್ಲಾಫ್, ಜೆಫರ್ಸನ್ ಮತ್ತು ಸ್ಯಾಕ್ಸ್ 1977ರಲ್ಲೇ ದುರಸ್ತಿಯನ್ನು ಸಂಭಾಷಣೆಯ ಸುವ್ಯವಸ್ಥಿತ ಅಂಗವೆಂದು ವಿವರಿಸಿದ್ದರು. ಅದನ್ನು ಇಡಿಯಾಗಿ ವೆಚ್ಚದ ಖಾತೆಗೆ ಬರೆಯುವುದು ಭಾಷಾವಿಜ್ಞಾನದ ದೃಷ್ಟಿಯಿಂದ ಸಮಂಜಸವಲ್ಲ.

ಆದುದರಿಂದ ಎರಡು ಮಾರ್ಪಾಡುಗಳನ್ನು ನಾವು ಸೂಚಿಸುತ್ತೇವೆ. ದುರಸ್ತಿಯ ಪ್ರತಿ ಸರದಿಯನ್ನೂ, ಅದು ಗ್ರಹಿತ ಮೌಲ್ಯವನ್ನು ತಿದ್ದಿತೇ, ದೃಢಪಡಿಸಿತೇ ಅಥವಾ ಎರಡನ್ನೂ ಮಾಡಲಿಲ್ಲವೇ ಎಂಬುದರ ಮೇಲೆ ವರ್ಗೀಕರಿಸಿ, ಮೂರನೆಯ ವರ್ಗವನ್ನು ಮಾತ್ರ ವೆಚ್ಚವೆಂದು ಎಣಿಸಬೇಕು. ಸರಿಯುತ್ತರ ಯಾವುದೆಂದು ತಿಳಿಸಿದ ಬಳಿಕ ಬಳಕೆದಾರರ ತೃಪ್ತಿಯನ್ನು ಇನ್ನೊಮ್ಮೆ ಅಳೆಯಬೇಕು. ಕಾರಕಸಂಬಂಧಗಳನ್ನು ಪ್ರತ್ಯಯಗಳಲ್ಲೇ ಹೊರುವ ಕನ್ನಡದಂತಹ ಭಾಷೆಗಳಲ್ಲಿ ಇವು ಮೌಲ್ಯಮಾಪನದ ಕನಿಷ್ಠ ಅಗತ್ಯಗಳು.