ಆಕಾಶದೃಷ್ಟಿಯೂ ಅಭಿಜ್ಞಾನವೂ

ಪ್ರಾಚೀನ ಆಲಂಕಾರಿಕರು ಮಹಾಕಾವ್ಯಗಳನ್ನು ಮಾತ್ರವಲ್ಲದೆ ಹೊತ್ತು ಕಳೆಯುವ ವಾಗ್ವಿನೋದಗಳನ್ನೂ ವಿಚಾರಕ್ಕೆ ತೆಗೆದುಕೊಂಡಿರುವರು. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಎಂದರೆ ಒಗಟುಗಳನ್ನು, ಹೆಸರಿಸಿ, ಗೋಷ್ಠಿಗಳ ವಿನೋದಕ್ಕೆ ಇವು ಉಪಯೋಗವುಳ್ಳವೆಂದು ಒಪ್ಪಿರುವನು. ಆ ದಾರಿಯನ್ನೇ ಹಿಡಿದು, ಇಂದು ನಮ್ಮ ಮನೆಗಳ ಜಗಲಿಯಲ್ಲಿ ಮಕ್ಕಳು ಆಡುತ್ತಿರುವ ಒಂದು ಹೊಸ ಪ್ರಹೇಳಿಕೆಯ ಗುಣದೋಷಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಉಪಗ್ರಹಗಳು ತೆಗೆದ ಭೂಚಿತ್ರಗಳಲ್ಲಿ ಪ್ರಸಿದ್ಧ ಸ್ಥಳಗಳನ್ನು ಹುಡುಕುವ ಆಟವೇ ಅದು. ಆಟವನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದೇಕೆಂದು ವಾಚಕರು ಕೇಳಬಹುದು. ಮೇಲಿನಿಂದ ಭೂಮಿಯನ್ನು ನೋಡಿ ಸ್ಥಳಗಳನ್ನು ಗುರುತಿಸುವ ಸಂದರ್ಭವು ನಮ್ಮ ಕಾವ್ಯಗಳಲ್ಲಿ ಅಪೂರ್ವವೇನಲ್ಲ. ಆದುದರಿಂದ ಈ ಆಟವನ್ನು ತೂಗುವ ತಕ್ಕಡಿಯು ನಮ್ಮಲ್ಲಿಯೇ ಉಂಟು.

ಆಟದ ಕ್ರಮವು ಸರಳ. ಒಬ್ಬನು ಭೂಚಿತ್ರದ ಮೇಲಿನ ಹೆಸರುಗಳನ್ನೆಲ್ಲ ಮರೆಮಾಡಿ ಯಾವುದಾದರೊಂದು ಭಾಗವನ್ನು ತೋರಿಸುವನು; ಉಳಿದವರು ಅದು ಯಾವ ಸ್ಥಳವೆಂದು ಹೇಳಬೇಕು. ಈಜಿಪ್ಟಿನ ಪಿರಮಿಡ್ಡುಗಳು ಮರಳಿನ ಮೇಲೆ ಇಟ್ಟ ಚೌಕಗಳಂತೆ ಕಾಣುವುವು. ತಾಜಮಹಲು ಯಮುನೆಯ ದಂಡೆಯ ಬಿಳಿಯ ಬೊಟ್ಟು. ಪ್ಯಾರಿಸ್ಸಿನ ಐಫೆಲ್ ಗೋಪುರವು ತನ್ನ ರೂಪದಿಂದಲ್ಲ, ನೆಲಕ್ಕೆ ಬಿದ್ದ ನೆರಳಿನಿಂದಲೇ ಗುರುತು ಸಿಕ್ಕುವುದು. ಇಂತಹ ಚಿತ್ರಗಳ ಚರಿತ್ರೆ ಬಹಳ ಹಳೆಯದಲ್ಲ. ಅಮೆರಿಕೆಯ ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲ ಉಪಗ್ರಹವು ೧೯೭೨ರಲ್ಲಿಯೂ, ನಮ್ಮ ದೇಶದ ಐ.ಆರ್.ಎಸ್. ೧ಎ ಎಂಬುದು ೧೯೮೮ರಲ್ಲಿಯೂ ಮೇಲೇರಿದುವು. ೨೦೦೫ರಲ್ಲಿ ಗೂಗಲ್ ಅರ್ಥ್, ೨೦೦೯ರಲ್ಲಿ ಇಸ್ರೋ ಸಂಸ್ಥೆಯ ‘ಭುವನ್’ ಬಂದಮೇಲೆ, ವಿಜ್ಞಾನಿಗಳ ಸೊತ್ತಾಗಿದ್ದ ಈ ನೋಟವು ಗೃಹಸ್ಥರ ಕೈಗೆ ದೊರೆಯಿತು. ಈಗ ಅದು ಮಕ್ಕಳ ಅಂಗೈಯಲ್ಲಿದೆ.

ಇದು ಬರಿಯ ಕಾಲವ್ಯಯವೆಂಬುದು ಹಿರಿಯರಲ್ಲಿ ಕೆಲವರ ಪೂರ್ವಪಕ್ಷ. ಈ ಮಾತನ್ನು ಪೂರ್ತಿ ಒಪ್ಪಲಾಗದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಅನುಮಾನಶಾಸ್ತ್ರವನ್ನು ನಾವು ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕಲಿತೆವು. ಹುಡುಗರು ಅದನ್ನು ಇಲ್ಲಿ ಅರಿಯದೆಯೇ ಅಭ್ಯಾಸ ಮಾಡುತ್ತಿರುವರು. ನೆರಳಿನಿಂದ ಗೋಪುರವನ್ನೂ, ನೇರವಾದ ಅಂಚಿನಿಂದ ಮನುಷ್ಯನ ಕೈವಾಡವನ್ನೂ, ಬಳುಕುವ ಗೆರೆಯಿಂದ ಹಳ್ಳವನ್ನೂ ಊಹಿಸುವರು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪಟವನ್ನೇ ನೋಡಿರಿ. ನಕ್ಷತ್ರಾಕಾರದ ಚಿಕ್ಕ ತಲೆಗಳು ಒತ್ತೊತ್ತಾಗಿ ಕಣಿವೆಯ ತಳದಲ್ಲಿ ಹರಿದುಹೋಗಿದ್ದರೆ ಅದು ಅಡಿಕೆಯ ತೋಟ. ಅದರ ಬಗಲಿನ ಗುಡ್ಡದಲ್ಲಿ ಬೋಳಿಸಿದಂತೆ ಬಿಡಿಬಿಡಿಯಾಗಿ ಕಾಣುವ ಮರಗಳು ಸೊಪ್ಪಿನ ಬೆಟ್ಟ. ಬಾಚಣಿಗೆಯಿಂದ ಬಾಚಿದಂತೆ ಸಾಲುಹಿಡಿದ ಹಸುರು ಅಕೇಶಿಯಾದ ನೆಡುತೋಪು. ಕೊಡಚಾದ್ರಿಯ ಹುಲ್ಲುನೆತ್ತಿ, ಕವಲೇದುರ್ಗದ ಕೋಟೆಯ ಸುತ್ತುಗಳು, ನಗರದ ಬಳಿಯ ದೇವಗಂಗೆಯ ಕೊಳಗಳು, ಮಂಡಗದ್ದೆಯಲ್ಲಿ ತುಂಗೆಯ ನಡುವೆ ಹಕ್ಕಿಗಳು ನೆಲಸುವ ನಡುಗಡ್ಡೆ, ಇವೆಲ್ಲ ಈ ಆಟಕ್ಕೆ ಯೋಗ್ಯವಾದ ಲಕ್ಷ್ಯಗಳು. ಭೂಗೋಳದ ಪಾಠವನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದ ವಿದ್ಯಾರ್ಥಿಗಿಂತ ಈ ಆಟ ಬಲ್ಲ ಹುಡುಗನ ಕಣ್ಣು ಹೆಚ್ಚು ಚುರುಕಾದುದೆಂದು ಹೇಳಲು ಸಂಕೋಚವಿಲ್ಲ.

ಇನ್ನು ಕಾವ್ಯದ ಕಡೆಗೆ ತಿರುಗೋಣ. ‘ಶಾಕುಂತಲ’ದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಸ್ವರ್ಗದಿಂದ ಇಳಿದುಬರುವನು. ರಥವು ಇಳಿದಂತೆಲ್ಲ ಪರ್ವತಗಳು ನೆಲದಿಂದ ಮೇಲೇಳುವುದನ್ನೂ, ಎಲೆಗಳ ರಾಶಿಯಾಗಿದ್ದ ಮರಗಳಿಗೆ ಬೊಡ್ಡೆಗಳು ಮೂಡುವುದನ್ನೂ, ಕಾಣದಷ್ಟು ಸಣ್ಣಗಿದ್ದ ಹೊಳೆಗಳು ಅಗಲವಾಗುವುದನ್ನೂ ಆತನು ಬೆರಗಿನಿಂದ ವರ್ಣಿಸುವನು. ಬೆರಳನ್ನು ಎಳೆದು ಭೂಚಿತ್ರವನ್ನು ಹತ್ತಿರಕ್ಕೆ ತಂದುಕೊಳ್ಳುವ ಬಾಲಕನು ಕಾಣುವುದು ಇದನ್ನೇ ಅಲ್ಲವೆ? ‘ಮೇಘದೂತ’ದಲ್ಲಿ ಚರ್ಮಣ್ವತೀ ನದಿಯಲ್ಲಿ ನೀರು ಕುಡಿಯಲು ಬಾಗಿದ ಮೋಡವು ಗಗನಚಾರಿಗಳ ಕಣ್ಣಿಗೆ ಭೂಮಿಯ ಮುತ್ತಿನ ಹಾರದ ನಡುವಣ ಇಂದ್ರನೀಲದಂತೆ ಕಾಣುವುದು. ವಿಮಾನವನ್ನೇರದ ಕಾಳಿದಾಸನು ಇಷ್ಟನ್ನು ಹೇಗೆ ಕಂಡನೆಂಬುದು ಆಶ್ಚರ್ಯದ ವಿಷಯ. ಆದರೆ ನಮ್ಮ ಪ್ರಕೃತಕ್ಕೆ ಬೇಕಾದುದು ಕಂಡ ಬಗೆಯಲ್ಲ, ಗುರುತಿಸಿದ ಬಗೆ.

‘ರಘುವಂಶ’ದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಿಂದ ಸೀತೆಗೆ ನೆಲವನ್ನು ತೋರಿಸುತ್ತ ಬರುವನು. ಆತನು ಪ್ರಸಿದ್ಧವಾದ ಗಂಗಾಯಮುನೆಗಳ ಸಂಗಮವನ್ನು ತೋರಿಸುವುದು ಸಹಜವೇ. ಆದರೆ ಅದಕ್ಕೆ ಮೊದಲು, ನಿನ್ನನ್ನು ಹುಡುಕುತ್ತ ಅಲೆದಾಗ ನೆಲಕ್ಕೆ ಬಿದ್ದಿದ್ದ ನಿನ್ನ ಕಾಲಂದುಗೆ ದೊರೆತ ಸ್ಥಳವಿದು ಎಂದು ಒಂದು ಎಡೆಯನ್ನು ತೋರಿಸುವನು. ಆ ಎಡೆಯು ಯಾವ ಪಟದಲ್ಲಿಯೂ ಪ್ರಸಿದ್ಧವಲ್ಲ. ಇಬ್ಬರಿಗೆ ಮಾತ್ರ ಅದು ಸ್ಥಳ, ಉಳಿದವರಿಗೆ ಕಾಡು. ಮೇಘದೂತದ ಯಕ್ಷನಾದರೋ ಅಲಕಾಪುರಿಯಲ್ಲಿ ತನ್ನ ಮನೆಯನ್ನು ಕಂಡುಹಿಡಿಯಲು ಮೋಡಕ್ಕೆ ಗುರುತುಗಳನ್ನು ಹೇಳುವನು: ಕುಬೇರನ ಅರಮನೆಯ ಬಡಗಲು, ಕಾಮನಬಿಲ್ಲಿನಂತಹ ಬಾಗಿಲ ತೋರಣ, ಹೆಂಡತಿಯು ಮಗನಂತೆ ಬೆಳಸಿದ ಎಳೆಯ ಮಂದಾರ, ಪಚ್ಚೆಯ ಮೆಟ್ಟಿಲಿನ ಬಾವಿ, ಬಾಗಿಲ ಪಕ್ಕದಲ್ಲಿ ಬರೆದ ಶಂಖಪದ್ಮಗಳು. ಇವಿಷ್ಟೂ ನಮ್ಮ ಹುಡುಗರ ಆಟದ ಸಾಮಗ್ರಿಯೇ. ಆದರೆ ಕೊನೆಯಲ್ಲಿ ಯಕ್ಷನು ಇನ್ನೊಂದು ಮಾತನ್ನು ಸೇರಿಸುವನು: ನಾನಿಲ್ಲದುದರಿಂದ ಆ ಮನೆಯು ಈಗ ಕಳೆಗುಂದಿರುವುದು. ಈ ಲಕ್ಷಣವನ್ನು ಯಾವ ಉಪಗ್ರಹ ಹಿಡಿಯಬಲ್ಲುದು?

ಇಲ್ಲಿಂದ ಆಟದ ದೋಷಗಳ ವಿಚಾರ. ಅವು ಮುಖ್ಯವಾಗಿ ಮೂರು.

ಮೊದಲನೆಯದು, ಮಳೆಯಿಲ್ಲದ ಮಲೆನಾಡು. ಮೋಡವಿದ್ದರೆ ಉಪಗ್ರಹದ ಬಣ್ಣದ ಚಿತ್ರ ಕೆಡುವುದು. ಆದುದರಿಂದ ಬೇಸಗೆಯ ನಿರ್ಮಲವಾದ ದಿನಗಳ ಚಿತ್ರಗಳನ್ನೇ ಆರಿಸಿ, ತುಂಡುತುಂಡಾಗಿ ಹೊಲಿದು, ಒಂದು ಪಟವನ್ನು ಮಾಡುವರು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯು ಆ ಪಟದಲ್ಲಿ ಒಂದು ಹನಿಯನ್ನೂ ಕಾಣದಂತೆ ಬಿಸಿಲಿಗೆ ಒಡ್ಡಿಕೊಂಡಿರುವುದು. ೮೩೦ ಅಡಿಯಿಂದ ಧುಮುಕುವ ಜೋಗವು ಒಣಗಿದ ಬಂಡೆಯ ಗೋಡೆಯಾಗಿ ತೋರುವುದು. ಕಾಳಿದಾಸನಿಗೆ ದೂತನೂ ಬಂಧುವೂ ಆದ ಮೇಘವು ಉಪಗ್ರಹಕ್ಕೆ ಕೇವಲ ವಿಘ್ನ. ಮೋಡವನ್ನು ತೆಗೆದಿಟ್ಟು ಮಲೆನಾಡನ್ನು ತೋರಿಸಿದವರು ಅದರ ಮೈಯನ್ನು ತೋರಿಸಿದರೇ ಹೊರತು ಉಸಿರನ್ನಲ್ಲ.

ಎರಡನೆಯದು, ಬೆನ್ನನ್ನು ಮಾತ್ರ ನೋಡುವುದು. ಇಕ್ಕೇರಿಯ ಅಘೋರೇಶ್ವರ ದೇವಾಲಯವೂ ಕೆಳದಿಯ ರಾಮೇಶ್ವರ ದೇವಾಲಯವೂ ಪಟದಲ್ಲಿ ಮಾಡುಗಳಾಗಿ ತೋರುವುವು. ಕೆಳದಿಯ ಗಂಡಭೇರುಂಡದ ಕೆತ್ತನೆಯು ಇರುವುದು ಒಳಗಿನ ಭುವನೇಶ್ವರಿಯಲ್ಲಿ. ಅದು ಕೆಳಗೆ ನಿಂತು ಕತ್ತೆತ್ತಿದವನಿಗೆ ಮಾತ್ರ ದರ್ಶನ ಕೊಡುವುದು. ಶಿಲ್ಪಿಯು ಬಯಸಿದುದು ಮೇಲುನೋಟವನ್ನಲ್ಲ, ಮೇಲಕ್ಕೆ ನೋಡುವ ವಿನಯವನ್ನು. ಈ ದೋಷಕ್ಕೆ ಪರಿಹಾರವು ಸುಲಭ: ಪಟದಲ್ಲಿ ಕಂಡ ಹುಡುಗನನ್ನು ಒಂದು ರಜೆಯ ದಿನ ಬಸ್ಸು ಹತ್ತಿಸಿ ಅಲ್ಲಿಗೆ ಕರೆದುಕೊಂಡು ಹೋದರಾಯಿತು.

ಮೂರನೆಯ ದೋಷವು ಇಷ್ಟು ಸುಲಭವಾದುದಲ್ಲ. ಅದನ್ನು ವಿವರಿಸಲು ಶರಾವತಿಯ ಹಿನ್ನೀರನ್ನೇ ತೆಗೆದುಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಆಟಗಾರನ ಕಣ್ಣಿಗೆ ಮೊದಲು ಬೀಳುವುದು ಅದೇ. ನೂರಾರು ಕವಲುಗಳಾಗಿ ಚಾಚಿದ ಆ ನೀಲಿಯನ್ನು ನೋಡಿ ಮಕ್ಕಳು, ಎಲೆಯ ನರಗಳಂತಿದೆ, ಚಾಚಿದ ಬೆರಳುಗಳಂತಿದೆ ಎಂದು ಸಂತೋಷಪಡುವರು. ಉಪಮೆಗಳು ಚೆನ್ನಾಗಿಯೇ ಇವೆ. ಆದರೆ ಆ ಬೆರಳುಗಳು ಏನೆಂಬುದನ್ನು ಯೋಚಿಸಿರಿ. ಮಲೆನಾಡಿನಲ್ಲಿ ತೋಟಗದ್ದೆಗಳು ಇರುವುದು ಕಣಿವೆಯ ತಳದಲ್ಲಿ. ಮನೆಯು ಅದರ ಮೇಲಣ ದಿಣ್ಣೆಯಲ್ಲಿ. ಅದಕ್ಕೂ ಮೇಲೆ ಬೆಟ್ಟ. ನೀರು ಏರಿದಾಗ ಮೊದಲು ಮುಳುಗುವುದು ತೋಟ ಗದ್ದೆ, ಅನಂತರ ಮನೆ. ಕಡೆಗೆ ಉಳಿಯುವುದು ಗುಡ್ಡದ ತಲೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಆದುದು ಇದೇ. ಆದುದರಿಂದ ಪಟದಲ್ಲಿ ಕಾಣುವ ಒಂದೊಂದು ನೀರಿನ ಬೆರಳೂ ಬಾಳಿ ಬದುಕಿದ ಒಂದೊಂದು ಕಣಿವೆ. ಒಂದೊಂದು ನಡುಗಡ್ಡೆಯೂ ಯಾರೋ ಸೊಪ್ಪು ಕಡಿಯುತ್ತಿದ್ದ ಬೆಟ್ಟದ ನೆತ್ತಿ. ಲಿಂಗನಮಕ್ಕಿ ಎಂಬ ಹೆಸರಿನಲ್ಲಿಯೇ ‘ಮಕ್ಕಿ’, ಎಂದರೆ ಮಳೆಯನ್ನು ನಂಬಿದ ಎತ್ತರದ ಗದ್ದೆ, ಉಳಿದುಕೊಂಡಿದೆ. ಇಂದು ಆ ಹೆಸರನ್ನು ಕೇಳಿದವನಿಗೆ ಗದ್ದೆಯು ನೆನಪಾಗುವುದಿಲ್ಲ; ೧೮೧೯ ಅಡಿಯ ನೀರಿನ ಮಟ್ಟವು ನೆನಪಾಗುವುದು.

ಪಟದಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನೂ ನೋಡಬಹುದಲ್ಲವೆ ಎಂದು ಕೇಳುವವರಿಗೆ ಒಂದು ಲೆಕ್ಕವನ್ನು ಹೇಳಬೇಕಾಗಿದೆ. ಲ್ಯಾಂಡ್‌ಸ್ಯಾಟ್ ಚಿತ್ರಮಾಲೆಯು ಮೊದಲಾದುದು ೧೯೭೨ರಲ್ಲಿ. ನೀರು ನಿಂತದ್ದು ೧೯೬೪ರಲ್ಲಿ. ಉಪಗ್ರಹದ ಕಣ್ಣು ತೆರೆಯುವುದಕ್ಕೆ ಎಂಟು ವರ್ಷ ಮೊದಲೇ ಊರುಗಳು ಕಣ್ಣು ಮುಚ್ಚಿದ್ದವು. ಆ ಚಿತ್ರಮಾಲೆಗೆ ಹಿನ್ನೀರು ಹುಟ್ಟಿನಿಂದಲೇ ಹಿನ್ನೀರು. ಮಳೆ ಕೈಕೊಟ್ಟ ವರ್ಷ ನೀರು ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುವುದುಂಟು. ಲಿಂಗನಮಕ್ಕಿಗೆ ಹಿಂದಿನ ಆ ಕಟ್ಟಡವು, ಮುಳುಗಿಸುವ ಕಟ್ಟೆಯೂ ಮುಳುಗಬಹುದೆಂಬುದಕ್ಕೆ ಸಾಕ್ಷಿ. ಕಲ್ಲಿನ ಕಟ್ಟೆಗಾದರೋ ಮತ್ತೆ ಕಾಣಿಸಿಕೊಳ್ಳುವ ಯೋಗವಿದೆ. ಮಣ್ಣಿನ ಗೋಡೆಯ ಮನೆಗೆ ಆ ಯೋಗವಿಲ್ಲ.

ನೈಯಾಯಿಕರು ಪ್ರತ್ಯಭಿಜ್ಞೆಯನ್ನು ‘ಸೋಽಯಂ’ ಎಂಬ ಎರಡು ಪದಗಳಿಂದ ವಿವರಿಸುವರು: ಅವನೇ ಇವನು. ‘ಇವನು’ ಎಂಬುದು ಕಣ್ಣಿನ ಕೆಲಸ. ‘ಅವನು’ ಎಂಬುದು ಸಂಸ್ಕಾರದ, ಎಂದರೆ ನೆನಪಿನ ಕೆಲಸ. ಎರಡೂ ಕೂಡದೆ ಗುರುತು ಇಲ್ಲ. ಉಂಗುರವು ಕೈಗೆ ಬಂದಾಗ ದುಷ್ಯಂತನಿಗೆ ಶಕುಂತಲೆಯ ನೆನಪಾದುದು ಉಂಗುರದ ಬಲದಿಂದಷ್ಟೇ ಅಲ್ಲ. ಒಳಗೆ ಸಂಸ್ಕಾರವು ಇದ್ದುದರಿಂದ. ಅದೇ ಉಂಗುರವು ಬೆಸ್ತನ ಕೈಯಲ್ಲಿ ಬರಿಯ ಚಿನ್ನವಾಗಿದ್ದಿತು. ಹಿನ್ನೀರಿನ ವಿಷಯದಲ್ಲಿ ಇಂದಿನ ಹುಡುಗರ ಸ್ಥಿತಿ ಆ ಬೆಸ್ತನದು. ಅವರಿಗೆ ‘ಇದು’ ಎಂಬುದು ನಾವು ಕನಸಿನಲ್ಲಿಯೂ ಎಣಿಸದಷ್ಟು ಸ್ಪಷ್ಟವಾಗಿದೆ. ‘ಅದು’ ಎಂಬುದು ಇಲ್ಲವೇ ಇಲ್ಲ. ‘ಅದು’ ಇರುವುದು ಹಿರಿಯರಲ್ಲಿ. ೧೯೬೪ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತನ್ನು ದಾಟಿರುವರು. ಅವರೊಡನೆ ‘ಅದು’ ಎಂಬುದೂ ಹೊರಟುಹೋದರೆ, ಆಮೇಲೆ ಎಷ್ಟು ಸೂಕ್ಷ್ಮವಾದ ಯಂತ್ರ ಬಂದರೂ ಹಿನ್ನೀರಿನಲ್ಲಿ ನೀರೇ ಕಾಣುವುದು.

ಈ ಕೊರತೆಯನ್ನು ನಮ್ಮ ಸಾಹಿತ್ಯವು ಸ್ವಲ್ಪ ಮಟ್ಟಿಗೆ ತುಂಬಿಕೊಟ್ಟಿದೆ. ಸಾಗರದಲ್ಲಿ ನೆಲಸಿ, ಶರಾವತಿಯ ಯೋಜನೆಯಲ್ಲಿಯೇ ನೌಕರಿ ಮಾಡಿ, ೨೦೨೫ರಲ್ಲಿ ನಮ್ಮನ್ನಗಲಿದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಓದಿದವರಿಗೆ ಪಟದ ನಡುಗಡ್ಡೆಯು ಬೇರೆಯಾಗಿಯೇ ಕಾಣುವುದು. ಗಿರೀಶ ಕಾಸರವಳ್ಳಿಯವರು ‘ದ್ವೀಪ’ವನ್ನು ಚಲಚ್ಚಿತ್ರವಾಗಿಯೂ ಮಾಡಿರುವರು. ಸುತ್ತ ನೀರೇರುತ್ತಿರಲು ಮನೆಯನ್ನು ಬಿಡಲಾರದ ಕುಟುಂಬವು ಯಾವ ಎತ್ತರದಿಂದ ನೋಡಿದರೂ ಕಾಣುವಂತಹುದಲ್ಲ. ಹತ್ತಿರದಿಂದಲೇ, ಒಳಗಿನಿಂದಲೇ ನೋಡಬೇಕು. ಆದರೆ ಕಾದಂಬರಿಯು ಒಂದೆರಡು ಊರುಗಳಿಗೆ ಮಾತ್ರ ಬಾಯಾಗಬಲ್ಲುದು. ಉಳಿದ ಬೆರಳುಗಳ ಕಥೆಯನ್ನು ಆಯಾ ಮನೆಯವರೇ ಹೇಳಬೇಕು.

ಆದುದರಿಂದ ಆಟವನ್ನು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಅದನ್ನು ಯಕ್ಷನ ರೀತಿಗೆ ತಿರುಗಿಸಿರೆಂದು ಹೇಳುತ್ತೇನೆ. ಈಗ ಪಟವು ಪ್ರಶ್ನೆಯನ್ನು ಕೇಳುವುದು, ಮಕ್ಕಳು ಉತ್ತರವನ್ನು ಹೇಳುವರು. ಇನ್ನು ಅಜ್ಜನೋ ಅಜ್ಜಿಯೋ ಗುರುತುಗಳನ್ನು ಹೇಳಲಿ, ಮಕ್ಕಳು ಪಟದಲ್ಲಿ ಹುಡುಕಲಿ: ದಣಪೆ ದಾಟಿದ ಮೇಲೆ ಎಡಕ್ಕೆ ಹಳ್ಳ, ಹಳ್ಳಕ್ಕೆ ಸಂಕ, ಸಂಕದ ಆಚೆಗೆ ಚೌಡಿಯ ಬನ, ಬನದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಮ್ಮ ಮನೆ. ಹಳ್ಳವು ಯಾವ ಬೆರಳಿನಲ್ಲಿದೆ, ಬನವು ಯಾವ ನಡುಗಡ್ಡೆಯ ಅಂಚಿನಲ್ಲಿದ್ದಿರಬೇಕು ಎಂಬುದನ್ನು ಇಬ್ಬರೂ ಸೇರಿ ನಿಶ್ಚಯಿಸಲಿ. ಹೀಗೆ ಗೊತ್ತಾದ ಸ್ಥಳಕ್ಕೆ ಹೆಸರನ್ನು ಬರೆದು, ಹೇಳಿದವರ ಮಾತನ್ನೂ ಜೊತೆಗೆ ಬರೆದಿಡಲಿ. ಇದಕ್ಕೆ ಹಣ ಬೇಕಾಗಿಲ್ಲ, ಅನುದಾನವನ್ನು ಕಾಯಬೇಕಾಗಿಲ್ಲ, ಒಂದು ಮಳೆಗಾಲದ ಸಂಜೆಗಳು ಸಾಕು.

ಈ ಕೆಲಸವು ಹಳೆಯ ಮುಳುಗಡೆಗೆ ಮಾತ್ರ ಸಲ್ಲತಕ್ಕುದಲ್ಲ. ೨೦೨೫ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆಯಾಯಿತು. ಸಿಗಂದೂರಿಗೆ ಹೋಗುವವರೂ ತುಮರಿಯ ಕಡೆಯ ಜನರೂ ದಶಕಗಳ ಕಾಲ ಲಾಂಚಿಗಾಗಿ ದಡದಲ್ಲಿ ಕಾದ ಕಥೆಯು ಅಂದಿಗೆ ಮುಗಿಯಿತು. ಸೇತುವೆಯಿಂದ ಬಂದ ಅನುಕೂಲವು ದೊಡ್ಡದು. ಅದನ್ನು ಯಾರೂ ಅಲ್ಲಗಳೆಯಲಾರರು. ಇನ್ನು ಮುಂದೆ ಪಟದಲ್ಲಿ ಆ ನೀಲಿಯ ಮೇಲೆ ಎಳೆದ ನೇರಗೆರೆಯು ಒಳ್ಳೆಯ ಹೆಗ್ಗುರುತಾಗಿ ಆಟಕ್ಕೆ ಒದಗುವುದು. ಆದರೆ ಹತ್ತು ವರ್ಷ ಕಳೆದ ಮೇಲೆ ಲಾಂಚನ್ನು ಕಾದ ದಡವು ಎಲ್ಲಿದ್ದಿತೆಂದು ಮಕ್ಕಳು ಕೇಳಿದರೆ, ಉತ್ತರವು ಆ ಗೆರೆಯಲ್ಲಿ ಇರದು.

ಮಮ್ಮಟನು ಕಾವ್ಯವನ್ನು ಉತ್ತಮ, ಮಧ್ಯಮ, ಅವರ ಎಂದು ವಿಂಗಡಿಸಿ, ವ್ಯಂಗ್ಯವು ಸ್ಫುಟವಾಗಿ ತೋರದೆ ಶಬ್ದಾರ್ಥಗಳ ಬೆಡಗನ್ನೇ ನೆಚ್ಚಿದ ಚಿತ್ರಕಾವ್ಯವನ್ನು ಕೊನೆಯ ತರಗತಿಯಲ್ಲಿ ಇಟ್ಟಿರುವನು. ಹೆಸರನ್ನು ಮುಚ್ಚಿ ಹೆಸರನ್ನು ಕೇಳುವಷ್ಟರಲ್ಲಿಯೇ ಮುಗಿಯುವವರೆಗೆ ನಮ್ಮ ಮಕ್ಕಳ ಆಟವೂ ಆ ತರಗತಿಯದೇ. ಚತುರವಾದುದು, ನಿರುಪದ್ರವವಾದುದು, ಅಷ್ಟೆ. ನೀರಿನ ಒಂದು ಬೆರಳನ್ನು ಮುಟ್ಟಿ, ಇದು ನಮ್ಮ ಅಜ್ಜಯ್ಯನ ತೋಟವೆಂದು ಹೇಳಬಲ್ಲ ಹುಡುಗನ ಕೈಯಲ್ಲಿ ಅದೇ ಪಟವು ಧ್ವನಿಯನ್ನು ಪಡೆಯುವುದು. ಅವನಿಗೆ ಆ ಮಾತನ್ನು ಹೇಳಿಕೊಡಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿ ಇರುವರು.