ಎರಡು ರೆಕಾರ್ಡು, ಒಂದು ತಮಟೆ

ಸಂಗೀತದಿಂದ ಸಾಹಿತಿಗೆ ಸ್ಫೂರ್ತಿ ಸಿಕ್ಕಿತು ಅಂದ ಕೂಡಲೇ ನಮ್ಮ ಸಾಹಿತ್ಯಲೋಕಕ್ಕೆ ಕಾಣುವ ಚಿತ್ರ ಒಂದೇ: ತಂಬೂರಿ, ಊದುಬತ್ತಿ, ಸಂಜೆಯ ಕಚೇರಿ, ಕಣ್ಣುಮುಚ್ಚಿ ತಲೆದೂಗುವ ದೊಡ್ಡಮನುಷ್ಯ. ಆತ ಮನೆಗೆ ಹೋಗಿ ಕಾದಂಬರಿ ಬರೀತಾನೆ. ವಿಮರ್ಶಕ ಬಂದು ಅದರಲ್ಲಿ ರಾಗದ ವಿಸ್ತಾರ ಇದೆ ಅಂತಾನೆ. ಈ ಚಿತ್ರದೊಳಗೆ ನಮ್ಮ ಕೇರಿಗೆ ಜಾಗ ಇಲ್ಲ. ನಮ್ಮಲ್ಲೂ ಬಾರಿಸೋರು, ಹಾಡೋರು ಇದ್ದರು. ಊರಿನವರು ಅದನ್ನು ಸಂಗೀತ ಅಂತ ಕರೀಲಿಲ್ಲ, ಸದ್ದು ಅಂದರು. ನಾಲ್ಕಕ್ಷರ ಕಲಿತ ನಾವೂ ಹಾಗೇ ಅಂದೆವು. ನನ್ನ ತಕರಾರು ಇರೋದು ಈ ಎರಡನೆಯ ಮಾತಿನ ಬಗ್ಗೆ.

ಅಮೆರಿಕದ ಕರಿಯ ಕಾದಂಬರಿಕಾರ ಜೇಮ್ಸ್ ಬಾಲ್ಡ್‌ವಿನ್ ಹುಟ್ಟಿದ್ದು 1924ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ. ಮಲತಂದೆ ಚರ್ಚಿನ ಬೋಧಕ. ಮನೆ ತುಂಬ ಮಕ್ಕಳು, ಬಡತನ. ಹದಿನಾಲ್ಕನೇ ವಯಸ್ಸಿಗೆ ಈ ಹುಡುಗನೂ ಬೋಧಕನಾಗಿ ನಿಂತ, ಹದಿನೇಳಕ್ಕೆ ಬಿಟ್ಟುಬಂದ. 1948ರಲ್ಲಿ ನಲವತ್ತು ಡಾಲರು ಜೇಬಿಗಿಟ್ಟುಕೊಂಡು ಪ್ಯಾರಿಸ್ಸಿಗೆ ಓಡಿದ. ಅಲ್ಲೇ ಇದ್ದರೆ ಸಾಯ್ತೀನಿ, ಇಲ್ಲಾ ಯಾರನ್ನಾದರೂ ಸಾಯಿಸ್ತೀನಿ ಅನ್ನೋ ಭಯ ಅವನಿಗೆ.

ಕೈಯಲ್ಲಿ ಮುಗಿಯದ ಒಂದು ಕಾದಂಬರಿ ಇತ್ತು. ಹತ್ತು ವರ್ಷದಿಂದ ತಿದ್ದಿದ್ದೇ ತಿದ್ದಿದ್ದು. 1951ರ ಚಳಿಗಾಲದಲ್ಲಿ ಗೆಳೆಯನೊಬ್ಬನ ಮನೆಯವರಿಗೆ ಸೇರಿದ ಮನೆಗೆ, ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿನ ಲೊಯೆಶ್-ಲೆ-ಬ್ಯಾಂ ಎಂಬ ಹಳ್ಳಿಗೆ ಹೋದ. ಆ ಹಳ್ಳಿಯವರು ಕರಿಯ ಮನುಷ್ಯನನ್ನು ಕಂಡೇ ಇರಲಿಲ್ಲ. ಮಕ್ಕಳು ಬೀದಿಯಲ್ಲಿ ಬಣ್ಣ ಹಿಡಿದು ಕೂಗುತ್ತಿದ್ದವು. ಆ ಹಿಮದೊಳಗೆ ಅವನು ಒಯ್ದದ್ದು ಒಂದು ಟೈಪ್‌ರೈಟರು ಮತ್ತು ಬೆಸ್ಸಿ ಸ್ಮಿತ್‌ಳ ಎರಡು ರೆಕಾರ್ಡು. ಆ ಹಾಡನ್ನು ದಿನಾ ಕೇಳಿದ, ದಿನಾ ಬರೆದ, ಕಾದಂಬರಿ ಮುಗಿಸಿದ. ಅದೇ 1953ರಲ್ಲಿ ಬಂದ ‘ಗೋ ಟೆಲ್ ಇಟ್ ಆನ್ ದ ಮೌಂಟನ್’.

ಇಷ್ಟಕ್ಕೆ ನಿಲ್ಲಿಸಿದರೆ ಇದೂ ಒಂದು ಊದುಬತ್ತಿ ಕಥೆಯೇ. ಅವನೇ ಬರೆದ ಇನ್ನೊಂದು ಮಾತನ್ನು ಜೊತೆಗಿಟ್ಟು ನೋಡಬೇಕು. ಅಮೆರಿಕದಲ್ಲಿದ್ದಾಗ ಅವನು ಬೆಸ್ಸಿಯನ್ನು ಕೇಳುತ್ತಲೇ ಇರಲಿಲ್ಲ; ಕಲ್ಲಂಗಡಿ ಹಣ್ಣನ್ನೂ ಮುಟ್ಟುತ್ತಿರಲಿಲ್ಲ. ಯಾಕೆ? ಬಿಳಿಯರು ಕರಿಯರನ್ನು ಅಣಕಿಸೋಕೆ ಇಟ್ಟುಕೊಂಡ ಗುರುತುಗಳು ಅವು. ಬೆಸ್ಸಿಯ ದನಿ, ಆ ದನಿಯ ಏರಿಳಿತ, ತಾನು ಮಗುವಾಗಿದ್ದಾಗ ಹೇಗೆ ಮಾತಾಡುತ್ತಿದ್ದೆ ಅನ್ನೋದನ್ನು ಅಗೆದು ತೆಗೆಯೋಕೆ ನೆರವಾಯಿತು ಅಂತ ಅವನು ಹೇಳಿಕೊಂಡಿದ್ದಾನೆ.

ಗೆಳೆಯರೇ, ಇಲ್ಲಿ ನಡೆದದ್ದು ಸ್ಫೂರ್ತಿಯಲ್ಲ, ಅಗೆತ. ಓದು ಮತ್ತು ನಾಚಿಕೆ ಸೇರಿ ಮುಚ್ಚಿದ್ದ ಬಾವಿಯನ್ನು ಆ ಹೆಣ್ಣಿನ ದನಿ ತೋಡಿತು.

ಬೆಸ್ಸಿ ಯಾರು? 1894ರಲ್ಲಿ ಟೆನೆಸ್ಸಿಯ ಚಟನೂಗದಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೇ ಬೀದಿಯಲ್ಲಿ ಹಾಡಿ ಕಾಸು ದುಡಿದವಳು. 1923ರಲ್ಲಿ ಮೊದಲ ರೆಕಾರ್ಡು. 1927ರ ಫೆಬ್ರವರಿಯಲ್ಲಿ ಅವಳು ಹಾಡಿದ ‘ಬ್ಯಾಕ್‌ವಾಟರ್ ಬ್ಲೂಸ್’ ನೆರೆಯಲ್ಲಿ ಮನೆ ಕಳಕೊಂಡ ಹೆಂಗಸಿನ ಹಾಡು. ಅದರಲ್ಲಿ ಗೋಳಾಟ ಇಲ್ಲ. ಆದದ್ದನ್ನು ಆದ ಹಾಗೆ ಹೇಳ್ತಾಳೆ, ಹೇಳ್ತಾ ಹೇಳ್ತಾ ಅದನ್ನು ದಾಟ್ತಾಳೆ. ಬ್ಲೂಸಿನ ಕಟ್ಟು ಬಹಳ ಸರಳ. ಒಂದು ಸಾಲು ಹೇಳು. ಅದನ್ನೇ ಇನ್ನೊಮ್ಮೆ ಹೇಳು. ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡು.

ಈ ಕಟ್ಟನ್ನು ಕಿವಿಯಲ್ಲಿಟ್ಟುಕೊಂಡು ಕಾದಂಬರಿ ಓದಿ. 1935ರ ಮಾರ್ಚ್, ಹುಡುಗ ಜಾನ್‌ಗೆ ಹದಿನಾಲ್ಕು ತುಂಬುವ ದಿನ. ರಾತ್ರಿ ಚರ್ಚಿನಲ್ಲಿ ಪ್ರಾರ್ಥನೆ. ಅತ್ತೆ ಫ್ಲಾರೆನ್ಸ್, ಮಲತಂದೆ ಗೇಬ್ರಿಯಲ್, ತಾಯಿ ಎಲಿಜಬೆತ್, ಒಬ್ಬೊಬ್ಬರಾಗಿ ಮೊಣಕಾಲೂರಿ ತಮ್ಮ ಬಾಳನ್ನು ನೆನೀತಾರೆ. ಕಥೆ ಮುಂದೆ ಓಡೋದಿಲ್ಲ. ಅದೇ ರಾತ್ರಿಗೆ, ಅದೇ ನೋವಿಗೆ ಮತ್ತೆ ಮತ್ತೆ ಮರಳುತ್ತೆ. ಕೊನೆಯ ಭಾಗದಲ್ಲಿ ಹುಡುಗ ನೆಲಕ್ಕೆ ಬಿದ್ದು ಹೊರಳಿ ಎದ್ದಾಗ ಸಿಗೋದು ಉತ್ತರದ ಸಾಲು. ಬೈಬಲ್ಲಿನ, ಬೋಧನೆಯ ಲಯವೂ ಈ ಗದ್ಯದಲ್ಲಿ ಗಟ್ಟಿಯಾಗಿದೆ, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ತನ್ನ ಮೇಲೆ ಮರುಕ ಪಡದೆ ನೋವು ಹೇಳೋ ಆ ದನಿ ಚರ್ಚಿನದಲ್ಲ, ಬೆಸ್ಸಿಯದು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಾದಂಬರಿಯೊಳಗೆ ಬ್ಲೂಸ್ ಹಾಡುವವನು ಒಬ್ಬನಿದ್ದಾನೆ, ಫ್ಲಾರೆನ್ಸಳ ಗಂಡ ಫ್ರ್ಯಾಂಕ್. ಕುಡುಕ. ಅವಳಿಗೆ ಮರ್ಯಾದಸ್ಥರ ಬಾಳು ಬೇಕು, ಇವನಿಗೆ ಬೇಡ. ಕೊನೆಗೆ ಮನೆ ಬಿಟ್ಟು ಹೋಗ್ತಾನೆ. ಮರ್ಯಾದೆಯ ಮನೆಯಲ್ಲಿ ಬ್ಲೂಸಿಗೆ ಜಾಗವಿಲ್ಲ ಅನ್ನೋದನ್ನು ಬಾಲ್ಡ್‌ವಿನ್ ಬಲ್ಲ. ಅವನೂ ಆ ಮನೆಯಲ್ಲೇ ಬೆಳೆದವನಲ್ಲವೇ.

ಹಳ್ಳಿ ಶಾಲೆಯ ಮೇಷ್ಟ್ರುಗಳು ಓದಲೇಬೇಕಾದ ಅವನ ಕಥೆ 1957ರ ‘ಸನೀಸ್ ಬ್ಲೂಸ್’. ಕಥೆ ಹೇಳುವವನು ಹಾರ್ಲೆಮ್ಮಿನಲ್ಲಿ ಬೀಜಗಣಿತ ಕಲಿಸೋ ಮೇಷ್ಟ್ರು. ತಮ್ಮ ಸನಿ ಪಿಯಾನೋ ನುಡಿಸೋನು, ಮಾದಕದ ಚಟಕ್ಕೆ ಬಿದ್ದು ಜೈಲು ಕಂಡವನು. ಚಾರ್ಲಿ ಪಾರ್ಕರ್ ಹೆಸರು ಇಡೀ ಕೇರಿಗೆ ಗೊತ್ತು, ಅಣ್ಣನಿಗೆ ಗೊತ್ತಿಲ್ಲ. ಕೊನೆಗೆ ಒಂದು ರಾತ್ರಿ ತಮ್ಮ ನುಡಿಸೋದನ್ನು ಕೂತು ಕೇಳ್ತಾನೆ. ಕುಡಿದ ಬಿಳಿಯರ ಕಾರಿಗೆ ಸಿಕ್ಕಿ ಸತ್ತ ಚಿಕ್ಕಪ್ಪ, ತಾಯಿ, ತೀರಿಹೋದ ತನ್ನ ಪುಟ್ಟ ಮಗಳು, ಎಲ್ಲರೂ ಅದರೊಳಗೆ ಎದ್ದು ಬರ್ತಾರೆ. ಪದವಿ ಪಡೆದ ನಮ್ಮಂಥವರ ಕಥೆ ಇದು. ನಮ್ಮ ನೌಕರಿ ನಮ್ಮ ಕಿವಿ ಕೆಡಿಸಿದೆ.

ಬಾಲ್ಡ್‌ವಿನ್ ಬರೆದದ್ದೆಲ್ಲ ಈ ಎತ್ತರದ್ದಲ್ಲ. 1979ರ ‘ಜಸ್ಟ್ ಅಬೌ ಮೈ ಹೆಡ್’ನಲ್ಲಿ ನಾಯಕನೇ ಚರ್ಚಿನ ಹಾಡುಗಾರ. ಅಲ್ಲಿ ಎಷ್ಟೋ ಕಡೆ ಸಂಗೀತದ ಬಗ್ಗೆ ಮಾತು ಹೆಚ್ಚು, ಸಂಗೀತ ಕಡಿಮೆ. ಹಾಡು ವಸ್ತುವಾದಾಗ ಅಲ್ಲ, ವಾಕ್ಯವಾದಾಗ ಅವನು ಗೆಲ್ತಾನೆ.

ಈಗ ನಮ್ಮ ಮಾತು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು. ಹೆಸರು ತಂದಷ್ಟು ಸುಲಭವಾಗಿ ಪಾಠ ತರೋಕಾಗಲ್ಲ. ಕರಿಯರ ಬ್ಲೂಸೂ ನಮ್ಮ ತಮಟೆಯೂ ಒಂದೇ ಅನ್ನೋದು ಸೋಮಾರಿ ಮಾತು. ತಮಟೆ ನಮ್ಮ ಮೇಲೆ ಹೇರಿದ ಚಾಕರಿಯೂ ಹೌದು. ಊರಿನವರ ಹೆಣದ ಮುಂದೆ, ಒಳಕ್ಕೆ ಬಿಡದ ಗುಡಿಯ ಮುಂದೆ ನಮ್ಮಪ್ಪ ಬಡಿದದ್ದು ಆನಂದಕ್ಕಲ್ಲ, ಹಿಡಿ ಕಾಳಿಗೆ.

ಕಾಲೇಜಿನಲ್ಲಿದ್ದಾಗ ಒಮ್ಮೆ ಹಾಸ್ಟೆಲ್ ಗೆಳೆಯ ಮನೆಗೆ ಬರ್ತೀನಿ ಅಂದ. ಅವನು ಬರೋ ಮುಂಚೆ ತಮಟೆಯನ್ನು ಅಟ್ಟದ ಮೇಲೆ ಗೋಣಿಚೀಲದ ಹಿಂದೆ ತೂರಿಸಿದೆ. ಅಪ್ಪ ನೋಡಿದರು, ಮಾತಾಡಲಿಲ್ಲ. ಎರಡು ವರ್ಷ ಆದಮೇಲೆ ಇನ್ಮೇಲೆ ಊರಿನ ಹೆಣಕ್ಕೆ ತಮಟೆ ಬಡಿಯೋದಿಲ್ಲ ಅಂತ ಕೇರಿಯ ಹುಡುಗರೆಲ್ಲ ಸೇರಿ ತೀರ್ಮಾನ ಮಾಡಿದೆವು. ಅಪ್ಪ ತಾವೇ ತಮಟೆ ಕೆಳಗಿಟ್ಟರು. ಎರಡು ಸಲವೂ ತಮಟೆ ಸುಮ್ಮನಾಯಿತು, ನನಗೆ ಎರಡು ಸಲವೂ ಸಮಾಧಾನ ಆಯಿತು. ಎರಡೂ ಒಂದೇ ಅಂತ ಬಹಳ ದಿನ ತಿಳಿದಿದ್ದೆ. ಬಾಲ್ಡ್‌ವಿನ್ ಓದಿದ ಮೇಲೆ ವ್ಯತ್ಯಾಸ ಕಂಡಿತು. ಎರಡನೆಯದು ಸ್ವಾಭಿಮಾನ. ಮೊದಲನೆಯದು ಅವರ ಕಣ್ಣಿನಿಂದ ಅಪ್ಪನನ್ನು ನೋಡಿದ್ದು. ಚಾಕರಿಯನ್ನು ಬಿಡಲೇಬೇಕು. ಚಾಕರಿಯ ಜೊತೆಗೆ ಆ ಕೈಯ ಲೆಕ್ಕವನ್ನೂ ಮರೆತರೆ ಊರಿನವರು ಗೆದ್ದ ಹಾಗೆ.

ನಮ್ಮ ಕವಿತೆಗಳನ್ನೇ ನೋಡಿ, ನನ್ನದೂ ಸೇರಿ. ತಮಟೆ ಅನ್ನೋ ಪದ ಸಾಲುಸಾಲಿಗೂ ಇರುತ್ತೆ. ವಾಕ್ಯ ಮಾತ್ರ ಪಠ್ಯಪುಸ್ತಕದ ಹಾಗೆ ಇಸ್ತ್ರಿ ಮಾಡಿಕೊಂಡು ನಡೆಯುತ್ತೆ. 1984ರಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದಾಗ ಭಾಷೆ ಅರ್ಥವಾಗೋದಿಲ್ಲ ಅಂದವರಿದ್ದರು, ಈಗಲೂ ಇದ್ದಾರೆ. ಗಟ್ಟಿಯಾಗಿ ಓದಿದರೆ ಮಲೆಮಹದೇಶ್ವರನನ್ನು, ಮಂಟೇಸ್ವಾಮಿಯನ್ನು ರಾತ್ರಿಯಿಡೀ ಹಾಡುವವರ ಉಸಿರು ಅದರಲ್ಲಿ ಕೇಳುತ್ತೆ. ಅಲ್ಲಿ ಹಾಡು ಅಲಂಕಾರವಾಗಿ ಬಂದಿಲ್ಲ, ನುಡಿಯಾಗಿ ಬಂದಿದೆ.

ಕೊನೆಗೆ ಸಾಲದ ಮಾತು. ಬೆಸ್ಸಿಯ ರೆಕಾರ್ಡುಗಳನ್ನು ಮಾರಿ ಕಂಪನಿ ಬೆಳೆಯಿತು. ಅವಳಿಗೆ ಹಾಡಿನ ಲೆಕ್ಕದಲ್ಲಿ ಕೂಲಿ ಸಿಕ್ಕಿತೇ ಹೊರತು ಮಾರಾಟದ ಪಾಲು ಸಿಗಲಿಲ್ಲ. 1937ರಲ್ಲಿ ಮಿಸಿಸಿಪ್ಪಿಯಲ್ಲಿ ಕಾರು ಅಪಘಾತವಾಗಿ ಸತ್ತಳು. ಗೋರಿಯ ಮೇಲೆ ಹೆಸರಿನ ಕಲ್ಲು ಬಂದದ್ದು 1970ರಲ್ಲಿ. ಅವಳ ದನಿ ಕೇಳಿ ಬರೆದವನಿಗೆ ಹೆಸರು ಬಂತು. ಬಾಲ್ಡ್‌ವಿನ್ ಆ ಸಾಲವನ್ನು ಬಾಯಿಬಿಟ್ಟು ಒಪ್ಪಿಕೊಂಡ. ನಾವು?

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ: ಹೆಣದ ಪೆಟ್ಟು ಹೆಂಗೆ, ಮದುವೆ ಪೆಟ್ಟು ಹೆಂಗೆ, ಮಾರಮ್ಮನ ಪೆಟ್ಟು ಹೆಂಗೆ? “ಅದ್ಯಾಕೀಗ ನಿನ್ಗೆ?” ಅಂದರು. ಆಮೇಲೆ ಬೆರಳಲ್ಲಿ ಮಂಚದ ಪಟ್ಟಿ ಬಡಿಯುತ್ತಾ ಒಂದೊಂದನ್ನೇ ಬಾಯಲ್ಲಿ ಹೇಳಿದರು. ಬರೆದುಕೊಳ್ಳೋಕೆ ಹೋದೆ, ಅಕ್ಷರಕ್ಕೆ ಸಿಗಲಿಲ್ಲ. ಇನ್ನೊಮ್ಮೆ ಹೇಳಿ ಅಂದೆ. ಹೇಳಿದರು. ನಿಮ್ಮ ಮನೆಯಲ್ಲೂ ಯಾರಾದರೂ ಇದ್ದಾರು. ಅವರು ಇರುವಾಗಲೇ ಕೇಳಿಕೊಳ್ಳಿ.