ಹತ್ತನೆಯ ಕಲಮಿನ ಮೌನ

ಗುತ್ತಿಗೆ ಕಾರ್ಮಿಕರ ನಿಯಂತ್ರಣಕ್ಕೂ ರದ್ದತಿಗೂ ಎಂದು 1970ರಲ್ಲಿ ರಚಿತವಾಗಿ 2025ರವರೆಗೆ ಜಾರಿಯಲ್ಲಿದ್ದ ಶಾಸನಕ್ಕೆ ಸಂದಿರುವ ಕೀರ್ತಿಯ ಬಹುಭಾಗವು ಅದರ ಹೆಸರಿನಲ್ಲಿರುವ ರದ್ದತಿಯೆಂಬ ಪದದಿಂದ ಬಂದುದು. ಆ ಪದಕ್ಕೆ ಆಧಾರವಾದ ಹತ್ತನೆಯ ಕಲಮನ್ನು ವ್ಯಾಕರಣದ ಕಣ್ಣಿನಿಂದ ಓದಿದವರು ವಿರಳ. ಕೆಲಸವು ನಿರಂತರ ಸ್ವರೂಪದ್ದೇ, ಉದ್ಯಮಕ್ಕೆ ಅವಶ್ಯವೇ, ಸಾಮಾನ್ಯವಾಗಿ ಕಾಯಂ ನೌಕರರಿಂದ ನಡೆಯುವಂಥದೇ, ಗಣನೀಯ ಸಂಖ್ಯೆಯ ಪೂರ್ಣಕಾಲಿಕ ಕಾರ್ಮಿಕರಿಗೆ ಸಾಲುವಷ್ಟಿದೆಯೇ ಎಂಬಿವನ್ನು ವಿಚಾರಿಸಿ, ಸಲಹಾ ಮಂಡಲಿಯೊಡನೆ ಸಮಾಲೋಚಿಸಿ, ಅಂಥ ಕೆಲಸದಲ್ಲಿ ಗುತ್ತಿಗೆ ಕಾರ್ಮಿಕರ ನಿಯೋಜನೆಯನ್ನು ಸರ್ಕಾರವು ನಿಷೇಧಿಸಬಹುದೆಂಬುದೇ ಅದರ ತಾತ್ಪರ್ಯವಾಗಿತ್ತು.

ಈ ವಾಕ್ಯದ ಕರ್ತೃಪದ ಸರ್ಕಾರ, ಕರ್ಮಪದ ನಿಯೋಜನೆ. ಆಳುಗಳನ್ನು ಒದಗಿಸುವ ಗುತ್ತಿಗೆದಾರನಾಗಲಿ, ಅವರ ದುಡಿಮೆಯನ್ನು ಅನುಭವಿಸುವ ಪ್ರಧಾನ ನಿಯೋಜಕನಾಗಲಿ ನಿಷೇಧದ ಆಜ್ಞೆಯಲ್ಲಿ ಎಲ್ಲಿಯೂ ಎದುರಿಗೆ ಬಂದು ನಿಲ್ಲುವುದಿಲ್ಲ. ಆಜ್ಞೆ ಹೊರಟ ದಿನ ಗುತ್ತಿಗೆದಾರನು ಮತ್ತೊಂದು ಕಾರ್ಖಾನೆಯ ಗುತ್ತಿಗೆ ಹಿಡಿಯಬಹುದಾಗಿತ್ತು, ನಿಯೋಜಕನು ಹೊಸಬರನ್ನು ತೆಗೆದುಕೊಳ್ಳಬಹುದಾಗಿತ್ತು; ವರ್ಷಾನುವರ್ಷ ಅದೇ ಬಾಯ್ಲರಿನ ಮುಂದೆ ಬೆಂದವನಿಗೆ ಮಾತ್ರ ಮರುದಿನ ಗೇಟಿನೊಳಗೆ ಪ್ರವೇಶವಿರಲಿಲ್ಲ. ಅವನ ಗತಿಯೇನೆಂಬುದಕ್ಕೆ ಕಲಮಿನಲ್ಲಿ ಒಂದಕ್ಷರವೂ ಇಲ್ಲ.

ಈ ಮೌನವನ್ನು 1996ರ ಏರ್ ಇಂಡಿಯಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರ್ಮಿಕನ ಪರವಾಗಿ ತುಂಬಿತು: ನಿಷೇಧವಾದೊಡನೆ ಅವನು ಪ್ರಧಾನ ನಿಯೋಜಕನ ನೌಕರನಾಗುವನೆಂದು. 2001ರ ಆಗಸ್ಟಿನಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಳ್ಳಿಹಾಕಿತು. ಗುತ್ತಿಗೆ ಬರಿಯ ಸೋಗೆಂದು ಕೈಗಾರಿಕಾ ನ್ಯಾಯಾಧಿಕರಣದಲ್ಲಿ ಸಿದ್ಧವಾದರೆ ಮಾತ್ರ ಅವನು ನಿಯೋಜಕನ ನೌಕರ. ಗುತ್ತಿಗೆ ನೈಜವಾಗಿದ್ದಲ್ಲಿ, ಮುಂದೆ ಕಾಯಂ ನೇಮಕ ನಡೆದಾಗ ಅವನಿಗೆ ಆದ್ಯತೆ, ವಯಸ್ಸಿನಲ್ಲಿಯೂ ತಾಂತ್ರಿಕೇತರ ವಿದ್ಯಾರ್ಹತೆಯಲ್ಲಿಯೂ ಸಡಿಲಿಕೆ. ಶಾಸನದಲ್ಲಿಲ್ಲದ್ದನ್ನು ನ್ಯಾಯಾಲಯವು ಸೇರಿಸಬಾರದೆಂಬ ಸಂಯಮಕ್ಕೆ ಈ ತೀರ್ಪೇ ಆದರ್ಶವೆಂದು ಹೊಗಳುವ ವಿದ್ವಾಂಸರೊಡನೆ ನನಗಿರುವ ಜಗಳ ಹಳೆಯದು. ಆ ಆದ್ಯತೆ, ಆ ಸಡಿಲಿಕೆ ಶಾಸನದ ಯಾವ ಪುಟದಲ್ಲಿವೆ? ಅವೂ ಪೀಠವು ಸೇರಿಸಿದವೇ. ಮೌನವನ್ನು ಎರಡು ತೀರ್ಪುಗಳೂ ತುಂಬಿದವು. ಒಂದು ಉದಾರವಾಗಿ, ಮತ್ತೊಂದು ಕೈ ಬಿಗಿಹಿಡಿದು. ಕೈ ಬಿಗಿಹಿಡಿದದ್ದಕ್ಕೆ ಸಂಯಮವೆಂದು ಹೆಸರಿಡುವುದು ವಿಮರ್ಶೆಯಲ್ಲ, ಪಕ್ಷಪಾತ.

ಕರಡು ಬರೆದವರಿಗೆ ಬೇರೆ ವಾಕ್ಯರೀತಿ ತಿಳಿದಿರಲಿಲ್ಲವೆನ್ನುವಂತೆಯೂ ಇಲ್ಲ. ಯಾರೂ ಕೊಂಡಾಡದ ಇಪ್ಪತ್ತೊಂದನೆಯ ಕಲಮನ್ನು ನೋಡಬಹುದು: ಬಟವಾಡೆಯ ವೇಳೆಯಲ್ಲಿ ಪ್ರಧಾನ ನಿಯೋಜಕನ ಪ್ರತಿನಿಧಿಯು ಹಾಜರಿರತಕ್ಕದ್ದು, ಗುತ್ತಿಗೆದಾರನು ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ನಿಯೋಜಕನೇ ಬಾಕಿಯನ್ನು ತೆತ್ತು, ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳತಕ್ಕದ್ದು. ಇಲ್ಲಿ ಹೊಣೆಗಾರನೇ ಕರ್ತೃಪದ; ನುಣುಚಿಕೊಳ್ಳಲು ಸಂದಿಯಿಲ್ಲ. ಸದೃಶವಾದ ಕೆಲಸಕ್ಕೆ ಕಾಯಂ ನೌಕರನಷ್ಟೇ ವೇತನವೆಂದು ಕೇಂದ್ರ ನಿಯಮಾವಳಿಯ 25ನೆಯ ನಿಯಮವೂ ಇಷ್ಟೇ ನೇರವಾಗಿ ನುಡಿಯುತ್ತಿತ್ತು. ಈ ಶಾಸನವು ಕಾರ್ಮಿಕನ ಕೈಗೆ ನಿಜವಾಗಿ ಇತ್ತ ಹಕ್ಕುಗಳು ಇವು. ರದ್ದತಿಯ ಕೀರ್ತಿಯ ನೆರಳಿನಲ್ಲಿ ಇವು ಬಾಡಿಹೋಗಿವೆ.

ಈ ಶಾಸನದ ಸ್ಥಾನಕ್ಕೆ ಬಂದ, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ 2020ರ ಸಂಹಿತೆಯಲ್ಲಿ ಮುಖ್ಯ ಚಟುವಟಿಕೆಗಳಲ್ಲಿ ಗುತ್ತಿಗೆಯನ್ನು ನಿಷೇಧಿಸುವ 57ನೆಯ ಕಲಮೂ ಹೊರಬಿದ್ದವನ ವಿಷಯದಲ್ಲಿ ಹಿಂದಿನಂತೆಯೇ ಮೌನ. ಗುತ್ತಿಗೆ ತೊಲಗಿದ ಮಾತ್ರಕ್ಕೆ ಕೆಲಸ ಕಾಯಂ ಆಗದೆಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ: ಬೆಂಗಳೂರಿನ ಪೌರಕಾರ್ಮಿಕರು ಗುತ್ತಿಗೆದಾರನ ಹಿಡಿತದಿಂದ ಬಿಡುಗಡೆ ಹೊಂದಿ ಪಾಲಿಕೆಯಿಂದಲೇ ಸಂಬಳ ಪಡೆಯುವಂತಾದ ಮೇಲೆಯೂ, ಕಾಯಮಾತಿಗಾಗಿ 2022ರ ಜುಲೈಯಲ್ಲಿ ಪೊರಕೆಯನ್ನು ಕೆಳಗಿಟ್ಟು ಬೀದಿಯಲ್ಲಿ ಕುಳಿತುಕೊಳ್ಳಬೇಕಾಯಿತು.